ವಾಲ್ವ್ ಎಲ್ಲಿ ಸಾರ್?

ಪೀಣ್ಯ ಎರಡನೇ ಹಂತದ ಅಡ್ಡರಸ್ತೆಯೊಂದರಲ್ಲಿ ನಾನು ಆಗಾಗ ಹೋಗಿ ಕೂರುವ ಒಂದು ಲೇತ್ ಅಂಗಡಿಯಿದೆ. ಮುಂದೆ ಎರಡು ಹಳೆಯ ಲೇತು, ಹಿಂದೆ ಒಂದು ಮಿಲ್ಲಿಂಗ್ ಮಷಿನು, ಮೂಲೆಯಲ್ಲಿ ಸದಾ ಗೊಣಗುವ ಕಂಪ್ರೆಸರ್. ಒಂದು ಶನಿವಾರ ಅಲ್ಲಿಗೆ ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಬಂದರು. ಮಗಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅಂಗೈಯಗಲದ ಸ್ಟೀಮ್ ಎಂಜಿನ್ ಬೇಕಾಗಿತ್ತು. ಪರದೆಯ ಮೇಲಿದ್ದ ಡ್ರಾಯಿಂಗನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ ಮೇಸ್ತ್ರಿ, "ಎಲ್ಲಾ ಸರಿ, ವಾಲ್ವ್ ಎಲ್ಲಿ ಸಾರ್?" ಅಂದರು.

ವಾಲ್ವ್ ಇರಲಿಲ್ಲ. ಕನೆಕ್ಟಿಂಗ್ ರಾಡೂ ಇರಲಿಲ್ಲ. ಪಿಸ್ಟನ್ ರಾಡು ನೇರವಾಗಿ ಹೋಗಿ ಕ್ರ್ಯಾಂಕ್ ಪಿನ್ನನ್ನೇ ಹಿಡಿದಿತ್ತು. ಕ್ರ್ಯಾಂಕ್ ಸುತ್ತಿದಂತೆ ಸಿಲಿಂಡರೇ ತನ್ನ ನಡುವಿನ ಪಿನ್ನಿನ ಮೇಲೆ ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತಿತ್ತು. ಟೀ ಬಂತು, ಪಕ್ಕದ ಅಂಗಡಿಯವರೂ ಬಂದರು, ತಲೆಗೊಂದು ಮಾತಾಯಿತು. ಅವತ್ತು ಕೇಳಿದ ಮಾತುಗಳನ್ನೂ, ಎಂಜಿನಿಯರಿಂಗ್ ಓದಿದವರ ಬಾಯಲ್ಲೇ ಬೇರೆ ಬೇರೆ ಸಲ ಕೇಳಿದ್ದನ್ನೂ ಇಲ್ಲಿ ಬಿಚ್ಚಿ ನೋಡುತ್ತಿದ್ದೇನೆ.

"ಇದು ಆಟಿಕೆ, ನಿಜವಾದ ಎಂಜಿನ್ನು ಹೀಗಿರಲ್ಲ"

ಹೀಗನ್ನಿಸುವುದು ಸಹಜ. ಇಂದು ತೂಗುವ ಸಿಲಿಂಡರ್ ಕಣ್ಣಿಗೆ ಬೀಳುವುದೇ ಇಂಗ್ಲೆಂಡಿನ ಮಾಮೋಡ್, ಜರ್ಮನಿಯ ವಿಲೆಸ್ಕೋ ಆಟಿಕೆಗಳಲ್ಲಿ, ಆನ್‌ಲೈನಿನಲ್ಲಿ ತರಿಸಿಕೊಳ್ಳುವ ಕಿಟ್‌ಗಳಲ್ಲಿ. ಆದರೆ ಜೇಮ್ಸ್ ವಾಟ್‌ನ ಕಂಪನಿಯಲ್ಲಿ ಕೆಲಸಕ್ಕಿದ್ದ ವಿಲಿಯಂ ಮರ್ಡಾಕ್ 1785ರಲ್ಲೇ ಇದರ ಮಾದರಿಯೊಂದನ್ನು ಮಾಡಿದ್ದ. ವಾಟ್ ಹೆಸರು ಬಂದಮೇಲೆ, ಕೆಟಲ್ ಮುಚ್ಚಳ ಕುಣಿಯುವುದನ್ನು ನೋಡಿ ಅವನು ಉಗಿ ಎಂಜಿನ್ ಕಂಡುಹಿಡಿದ ಎಂಬ ಕಥೆಯನ್ನೂ ಪಕ್ಕಕ್ಕಿಡೋಣ. ನ್ಯೂಕಮೆನ್ ಎಂಜಿನ್ 1712ರಿಂದಲೇ ಗಣಿಗಳ ನೀರೆತ್ತುತ್ತಿತ್ತು. ಅದರ ಉಗಿಯ ದುಂದನ್ನು ತಡೆಯಲು ಬೇರೆಯದೇ ಕಂಡೆನ್ಸರ್ ಜೋಡಿಸಿದ್ದು ವಾಟ್‌ನ ಕೆಲಸ. ಪೇಟೆಂಟ್ ಆದದ್ದು 1769ರಲ್ಲಿ.

1821ರಲ್ಲಿ ಆರನ್ ಮ್ಯಾನ್ಬಿ ಎಂಬ ಇಂಗ್ಲಿಷ್ ಕಬ್ಬಿಣದ ಉದ್ಯಮಿ ತೂಗುವ ಎಂಜಿನ್ನಿಗೆ ಪೇಟೆಂಟ್ ಪಡೆದ. ಅವನ ಹೆಸರನ್ನೇ ಹೊತ್ತ ಕಬ್ಬಿಣದ ಹಡಗನ್ನು ಟಿಪ್ಟನ್ ಎಂಬಲ್ಲಿ ಬಿಡಿಬಿಡಿಯಾಗಿ ಮಾಡಿ, ಲಂಡನ್ನಿಗೆ ಸಾಗಿಸಿ ಜೋಡಿಸಿದರು. ಅದು 1822ರಲ್ಲಿ ಸಮುದ್ರ ದಾಟಿ ಪ್ಯಾರಿಸ್ ಮುಟ್ಟಿತು. ಸಮುದ್ರಕ್ಕಿಳಿದ ಮೊದಲ ಕಬ್ಬಿಣದ ಉಗಿಹಡಗು ಅದೇ.

ಹಡಗಿನವರು ತೂಗುವ ಎಂಜಿನ್ನಿಗೆ ಮನಸೋತದ್ದು ಜಾಗದ ಕಾರಣಕ್ಕೆ. ಆಗಿನ ಹಡಗುಗಳಿಗೆ ಎರಡು ಬದಿಗೂ ದೊಡ್ಡ ಹುಟ್ಟುಚಕ್ರ. ಅವುಗಳ ಅಚ್ಚು ಹಡಗಿಗೆ ಅಡ್ಡಲಾಗಿ, ಮೇಲ್ಗಡೆ ಹಾದುಹೋಗುತ್ತಿತ್ತು. ಸಿಲಿಂಡರನ್ನು ಅದರ ಕೆಳಗಿಟ್ಟರೆ ಪಿಸ್ಟನ್ ರಾಡು, ಅದರ ತುದಿಗೆ ಕ್ರಾಸ್‌ಹೆಡ್ಡು, ಅದಕ್ಕೆ ಗೈಡು, ಅದರಾಚೆ ಕನೆಕ್ಟಿಂಗ್ ರಾಡು — ಇಷ್ಟಕ್ಕೂ ಎತ್ತರ ಸಾಲದು. ಸಿಲಿಂಡರ್ ತಾನೇ ತೂಗಿದರೆ ಇವುಗಳಲ್ಲಿ ಮೊದಲನೆಯದೊಂದು ಸಾಕು. ಗ್ರೀನಿಚ್‌ನ ಜಾನ್ ಪೆನ್ 1844ರಲ್ಲಿ ನೌಕಾಪಡೆಯ ಬ್ಲ್ಯಾಕ್ ಈಗಲ್ ಹಡಗಿನ ಹಳೆಯ ಎಂಜಿನ್ ತೆಗೆದು, ಅಷ್ಟೇ ಜಾಗದಲ್ಲಿ, ಅಷ್ಟೇ ತೂಕದಲ್ಲಿ ಎರಡರಷ್ಟು ಶಕ್ತಿಯ ತೂಗುವ ಎಂಜಿನ್ ಕೂರಿಸಿದ. ಆಮೇಲೆ ಬೇರೆಯವರಿಗೆ ಹೇಳಿಕೊಡುವುದೇ ಬೇಕಾಗಲಿಲ್ಲ.

ಬ್ರೂನೆಲ್ ರೂಪಿಸಿದ, 1858ರಲ್ಲಿ ನೀರಿಗಿಳಿದ ಗ್ರೇಟ್ ಈಸ್ಟರ್ನ್ ಹಡಗಿನ ಹುಟ್ಟುಚಕ್ರಗಳಿಗೆ ಇಂಥ ನಾಲ್ಕು ಸಿಲಿಂಡರುಗಳಿದ್ದವು. ಒಂದೊಂದರ ಒಳವ್ಯಾಸ 74 ಇಂಚು, ಅಂದರೆ ಆರಡಿ ಆಳು ತಲೆ ತಗ್ಗಿಸದೆ ನಿಲ್ಲುವಷ್ಟು. ಪಿಸ್ಟನ್ನಿನ ಓಡಾಟ 14 ಅಡಿ. ಆ ಗಾತ್ರದ್ದು ತೊಟ್ಟಿಲಿನಂತೆ ತೂಗುವುದನ್ನು ಕಲ್ಪಿಸಿಕೊಳ್ಳಿ. 1870ರಲ್ಲಿ ಮುಂಬೈನಿಂದ ಏಡನ್‌ವರೆಗೆ ಸಮುದ್ರದಡಿ ಟೆಲಿಗ್ರಾಫ್ ತಂತಿ ಹಾಸಿದ್ದು ಇದೇ ಹಡಗು. ನಮ್ಮ ಕರಾವಳಿಯವರ ಕಣ್ಣಳತೆಯಲ್ಲಿ ಓಡಾಡಿದ್ದನ್ನು ಆಟಿಕೆ ಅನ್ನುವುದು ಹೇಗೆ?

"ವಾಲ್ವ್ ಇಲ್ಲದೆ ಎಂಜಿನ್ ಓಡಲ್ಲ"

ಮೇಸ್ತ್ರಿಯ ಪ್ರಶ್ನೆ ತಪ್ಪಲ್ಲ. ಉಗಿ ಯಾವಾಗ ಒಳಬರಬೇಕು, ಯಾವಾಗ ಹೊರಹೋಗಬೇಕು ಎಂದು ಹೇಳುವವರು ಯಾರಾದರೂ ಇರಲೇಬೇಕು. ಈ ಪುಟ್ಟ ಎಂಜಿನ್ನಿನಲ್ಲಿ ಆ ಕೆಲಸ ಸಿಲಿಂಡರಿನದೇ. ಅದರ ಒಂದು ಮೈ ಚಪ್ಪಟೆ, ಅಲ್ಲೊಂದು ತೂತು. ಆ ಮೈ ಒರಗಿರುವ ಪ್ಲೇಟಿನಲ್ಲಿ ಎರಡು ತೂತು, ಒಂದು ಉಗಿ ಬರುವುದಕ್ಕೆ, ಇನ್ನೊಂದು ಹೋಗುವುದಕ್ಕೆ. ಸಿಲಿಂಡರ್ ಎಡಕ್ಕೆ ತೂಗಿದಾಗ ಅದರ ತೂತು ಒಂದರ ಎದುರಿಗೆ, ಬಲಕ್ಕೆ ತೂಗಿದಾಗ ಇನ್ನೊಂದರ ಎದುರಿಗೆ. ಮನೆಯೊಡೆಯನೇ ಬಾಗಿಲು ಕಾಯುವಂಥ ಏರ್ಪಾಟು. ಉಗಿಯ ಪೈಪನ್ನು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಕೊಟ್ಟರೆ ಎಂಜಿನ್ ಹಿಂದುಮುಂದಾಗಿ ತಿರುಗುತ್ತದೆ. ರಿವರ್ಸ್ ಗೇರಿನ ಮಾತೇ ಇಲ್ಲ.

ಇದನ್ನು ಅರ್ಥಮಾಡಿಕೊಂಡವರು ಕೂಡಲೇ ಎದುರು ದಿಕ್ಕಿನ ತಪ್ಪಿಗೆ ಜಾರುತ್ತಾರೆ: ತೂಗುವ ಎಂಜಿನ್ ಎಂದರೇ ವಾಲ್ವ್ ಇಲ್ಲದ ಎಂಜಿನ್ ಎಂದುಕೊಳ್ಳುತ್ತಾರೆ. ಹಡಗಿನ ದೊಡ್ಡ ಎಂಜಿನ್ನುಗಳಲ್ಲಿ ಬೇರೆಯೇ ಸ್ಲೈಡ್ ವಾಲ್ವ್ ಇತ್ತು, ಅದನ್ನು ಆಡಿಸಲು ಎಕ್ಸೆಂಟ್ರಿಕ್ ಕೂಡ ಇತ್ತು. ಟನ್ನುಗಟ್ಟಲೆ ತೂಗುವ ಸಿಲಿಂಡರನ್ನು ಪುಟ್ಟ ಮಾದರಿಯಲ್ಲಿ ಮಾಡುವ ಹಾಗೆ ಸ್ಪ್ರಿಂಗ್ ಒತ್ತಿ ಪ್ಲೇಟಿಗೆ ಅಂಟಿಸಿ, ಉಗಿ ಸೋರದಂತೆ ಹಿಡಿಯುವುದು ಆಗುವ ಮಾತಲ್ಲ. ಅಲ್ಲಿ ಉಗಿ ಬಂದುಹೋಗುತ್ತಿದ್ದದ್ದು ಸಿಲಿಂಡರ್ ತೂಗುವ ಟ್ರನಿಯನ್‌ಗಳ ಒಳಗಿಂದ. ಆ ಗೂಟಗಳನ್ನು ಟೊಳ್ಳು ಮಾಡಿ, ಸುತ್ತ ಗ್ಲ್ಯಾಂಡ್ ಪ್ಯಾಕಿಂಗ್ ತುಂಬುತ್ತಿದ್ದರು. ಪಂಪ್ ರಿಪೇರಿ ಮಾಡುವ ಯಾರನ್ನಾದರೂ ಕೇಳಿ, ಗ್ಲ್ಯಾಂಡ್ ಎಂದರೆ ಏನು ತಲೆನೋವು ಅಂತ.

"ತೂತು ದೊಡ್ಡದಾದಷ್ಟೂ ಪವರ್ ಜಾಸ್ತಿ"

ಡ್ರಾಯಿಂಗಿನಲ್ಲಿ ತೂತಿನ ಅಳತೆ 3.5 ಮಿಲಿಮೀಟರ್ ಎಂದಿತ್ತು. "5 ಹಾಕಿಬಿಡೋಣ ಸಾರ್, ಉಗಿ ಚೆನ್ನಾಗಿ ನುಗ್ಗುತ್ತೆ" ಎಂದರು ಪಕ್ಕದ ಅಂಗಡಿಯವರು. ಇಡೀ ವಿನ್ಯಾಸದ ಗುಟ್ಟು ಇರುವುದೇ ಇಲ್ಲಿ, ಇಂಥ ಮಾದರಿಗಳು ಹೆಚ್ಚಾಗಿ ಕೆಡುವುದೂ ಇಲ್ಲೇ.

ಆ ಡ್ರಾಯಿಂಗಿನಲ್ಲಿ ಕ್ರ್ಯಾಂಕಿನ ತ್ರಿಜ್ಯ 12 ಮಿ.ಮೀ. ಸಿಲಿಂಡರ್ ತೂಗುವ ಪಿನ್ನಿನಿಂದ ಕ್ರ್ಯಾಂಕ್ ಶಾಫ್ಟಿನ ನಡುವಿಗೆ 45 ಮಿ.ಮೀ. ಅದೇ ಪಿನ್ನಿನಿಂದ ಸಿಲಿಂಡರಿನ ತೂತಿಗೆ 15 ಮಿ.ಮೀ. ಹಾಗಾದರೆ ಆ ತೂತು ನಡುಗೆರೆಯಿಂದ ಒಂದೊಂದು ಬದಿಗೆ ಎಷ್ಟು ಸರಿಯುತ್ತದೆ? 15ನ್ನು 12ರಿಂದ ಗುಣಿಸಿ, 45ರಿಂದ ಭಾಗಿಸಿ: 4 ಮಿ.ಮೀ. ಸೈನ್ ಕೋಷ್ಟಕ ಬೇಡ, ಕಾಗದದ ಚೂರು ಸಾಕು. ಪ್ಲೇಟಿನ ಎರಡು ತೂತುಗಳ ಕೇಂದ್ರವೂ ನಡುಗೆರೆಯಿಂದ 4 ಮಿ.ಮೀ. ದೂರದಲ್ಲಿರಬೇಕು ಎಂದಾಯಿತು.

ಈಗ ಪಿಸ್ಟನ್ ತನ್ನ ಓಡಾಟದ ತುದಿಯಲ್ಲಿ, ಅಂದರೆ ಡೆಡ್ ಸೆಂಟರಿನಲ್ಲಿದೆ ಅನ್ನಿ. ಸಿಲಿಂಡರ್ ನೆಟ್ಟಗಿದೆ, ಅದರ ತೂತು ಎರಡರ ಸರಿಮಧ್ಯೆ ನಿಂತಿದೆ. ಆ ಕ್ಷಣ ಎರಡೂ ಮುಚ್ಚಿರಬೇಕು. ಎಲ್ಲ ತೂತೂ 4 ಮಿ.ಮೀ. ಆದರೆ ಅಂಚಿಗೆ ಅಂಚು ಮುಟ್ಟುತ್ತದೆ, ಅಷ್ಟೇ. 3.5 ಇಟ್ಟರೆ ಅರ್ಧ ಮಿಲಿಮೀಟರಿನ ಗೋಡೆ ಉಳಿಯುತ್ತದೆ. 5 ಮಾಡಿದರೆ ಸಿಲಿಂಡರಿನ ತೂತು ಏಕಕಾಲಕ್ಕೆ ಎರಡು ಕಡೆಗೂ ಬಾಯಿ ತೆರೆದು, ಬಂದ ಉಗಿ ಪಿಸ್ಟನ್ನನ್ನು ಕೇಳದೆಯೇ ಹೊರಟುಹೋಗುತ್ತದೆ. ಎಂಜಿನ್ ಬುಸುಗುಟ್ಟುತ್ತದೆ, ತಿರುಗುವುದಿಲ್ಲ. ತೂತು ದೊಡ್ಡದೇ ಬೇಕೆಂಬ ಹಟವಿದ್ದರೆ ಪಿನ್ನಿನಿಂದ ಅದನ್ನು ಇನ್ನಷ್ಟು ದೂರ ಒಯ್ಯಬೇಕು, ಇಲ್ಲವೇ ಕ್ರ್ಯಾಂಕನ್ನು ಹಿಗ್ಗಿಸಬೇಕು. ಒಂದು ಅಳತೆ ಮುಟ್ಟಿದರೆ ಮೂರು ಅಲ್ಲಾಡುತ್ತವೆ.

ಮೇಸ್ತ್ರಿ ಇದನ್ನು ಬೆರಳೆಣಿಕೆಯಲ್ಲೇ ಹಿಡಿದರು. ಆಮೇಲೆ ಅವರ ಚಿಂತೆಯೆಲ್ಲ ಎರಡು ಮೈಗಳನ್ನು ಲ್ಯಾಪಿಂಗ್ ಮಾಡಿ ಕನ್ನಡಿಯಾಗಿಸುವುದು ಹೇಗೆ ಎಂಬುದರ ಮೇಲೆ. ಅದು ಸರಿಯಾದ ಚಿಂತೆ.

"ತೂಗಾಟದಲ್ಲೇ ಶಕ್ತಿಯೆಲ್ಲ ಹೋಗುತ್ತೆ"

ಕೇಳಿದರೆ ನಿಜವೆನ್ನಿಸುತ್ತದೆ. ಅಷ್ಟು ಭಾರವನ್ನು ಅತ್ತಿತ್ತ ಎಳೆದಾಡುವುದು ವ್ಯರ್ಥವಲ್ಲವೇ? ಆದರೆ ನಮ್ಮ ಮಾದರಿಯ ಸಿಲಿಂಡರ್ ವಾಲುವುದು ಒಂದೊಂದು ಬದಿಗೆ ಹದಿನೈದೂವರೆ ಡಿಗ್ರಿಯಷ್ಟು ಮಾತ್ರ. ಅದನ್ನು ತೂಗಲು ಕೊಟ್ಟ ಶಕ್ತಿಯ ಬಹುಪಾಲು ಅದು ನಿಧಾನವಾಗುವಾಗ ಫ್ಲೈವೀಲಿಗೇ ವಾಪಸು. ಕುಲುಕಾಟ ವೇಗದ ವರ್ಗದಂತೆ ಏರುವುದು ನಿಜ, ಆದರೆ ಹುಟ್ಟುಚಕ್ರ ತಿರುಗುತ್ತಿದ್ದದ್ದೇ ಆನೆಯ ನಡಿಗೆಯಲ್ಲಿ.

ನಷ್ಟ ಬೇರೆ ಕಡೆಯಿದೆ. ಚೆನ್ನಾಗಿ ಮಾಡಿದ ಉಗಿ ಎಂಜಿನ್ ಪಿಸ್ಟನ್ ಸ್ವಲ್ಪ ದೂರ ಹೋಗುತ್ತಲೇ ಉಗಿಯ ಬಾಗಿಲು ಮುಚ್ಚಿ, ಒಳಗಿರುವ ಉಗಿ ತಾನೇ ಹಿಗ್ಗಿ ಉಳಿದ ದೂರ ತಳ್ಳುವಂತೆ ಮಾಡುತ್ತದೆ. ವಾಟ್ ಇದಕ್ಕೆ 1782ರಲ್ಲೇ ಪೇಟೆಂಟ್ ಮಾಡಿಸಿದ್ದ. ನಮ್ಮ ತೂತಿನ ಎಂಜಿನ್ನಿಗೆ ಆ ಜಾಣ್ಮೆ ಬಾರದು: ಒಂದು ಡೆಡ್ ಸೆಂಟರಿನಲ್ಲಿ ತೆರೆದ ಬಾಗಿಲು ಇನ್ನೊಂದು ಡೆಡ್ ಸೆಂಟರಿನವರೆಗೂ ತೆರೆದೇ ಇರುತ್ತದೆ. ತುಂಬು ಒತ್ತಡದ ಉಗಿಯನ್ನೇ ಗಾಳಿಗೆ ಊದುತ್ತದೆ. ದೊಡ್ಡ ಎಂಜಿನ್ನುಗಳಿಗೆ ಬೇರೆ ವಾಲ್ವ್ ಇಟ್ಟದ್ದಕ್ಕೆ ಇದೂ ಒಂದು ಕಾರಣ. ಇನ್ನೊಂದು ಸಂಕಟ ಸವೆತ. ಸಿಲಿಂಡರನ್ನು ಪಕ್ಕಕ್ಕೆ ತಳ್ಳುವುದು ಪಿಸ್ಟನ್ ರಾಡೇ ಆದ್ದರಿಂದ ಅದರ ಬುಷ್ ದುಂಡಗೆ ಸವೆಯುವುದಿಲ್ಲ, ಮೊಟ್ಟೆಯಾಕಾರಕ್ಕೆ ಸವೆಯುತ್ತದೆ.

ಚಿಲ್ಲರೆ ನಂಬಿಕೆಗಳನ್ನು ಇಲ್ಲೇ ಮುಗಿಸುತ್ತೇನೆ. ಇಡ್ಲಿ ಪಾತ್ರೆಯಿಂದ ಬೆಳ್ಳಗೆ ಏಳುವುದು ಉಗಿಯಲ್ಲ, ಉಗಿ ತಣಿದು ಆದ ಹನಿಗಳು. ನಿಜವಾದ ಉಗಿ ಕಣ್ಣಿಗೆ ಕಾಣದು, ಕೈ ಸುಡುವುದು ಅದೇ. ಕಡಲೆಕಾಯಿ ಪರಿಷೆಯಲ್ಲಿ ಬತ್ತಿ ಹಚ್ಚಿದರೆ ಟಪಟಪ ಎಂದು ಓಡುವ ತಗಡಿನ ದೋಣಿಯಲ್ಲಿ ಪುಟ್ಟ ಪಿಸ್ಟನ್ ಇದೆ ಎಂದು ನಾನೇ ಬಹಳ ವರ್ಷ ನಂಬಿದ್ದೆ. ಅಲ್ಲಿರುವುದು ಒಂದು ತಗಡಿನ ಡಬ್ಬಿ, ನೀರಿಗಿಳಿದ ಕೊಳವೆಗಳು, ಅಷ್ಟೇ. ಸಿಲಿಂಡರನ್ನು ಒತ್ತುವ ಸ್ಪ್ರಿಂಗ್ ಅತಿಯಾದ ಒತ್ತಡಕ್ಕೆ ಹಿಂದೆ ಸರಿದು ಉಗಿ ಬಿಡುತ್ತದೆ, ಹಾಗಾಗಿ ಬಾಯ್ಲರಿಗೆ ಬೇರೆ ಸೇಫ್ಟಿ ವಾಲ್ವ್ ಬೇಡ ಎನ್ನುವವರ ಹತ್ತಿರ ಮಕ್ಕಳನ್ನು ಬಿಡಬೇಡಿ: ನಡುವಿನ ಪೈಪು ಕಟ್ಟಿಕೊಂಡರೆ ಆ ಸ್ಪ್ರಿಂಗಿಗೆ ಸುದ್ದಿಯೇ ಮುಟ್ಟುವುದಿಲ್ಲ. ಎಂಜಿನ್ನನ್ನೇ ಪ್ರಿಂಟ್ ಮಾಡಿ ಉಗಿಯಲ್ಲಿ ಓಡಿಸೋಣ ಎನ್ನುವವರೂ ಇದ್ದಾರೆ. ತ್ರೀಡಿ ಪ್ರಿಂಟರಿನ ಪಿಎಲ್ಎ ಪ್ಲಾಸ್ಟಿಕ್ಕು ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆಂಬ ರಿಯಾಯಿತಿಯೂ ಅದನ್ನು ಕಾಪಾಡದು. ಪ್ರಿಂಟ್ ಮಾಡಿದ್ದನ್ನು ಕಂಪ್ರೆಸರ್ ಗಾಳಿಯಲ್ಲಿ ಓಡಿಸಿ. ಅದು ಮೋಸವೇನಲ್ಲ, ತಳ್ಳುವವರು ಯಾರೆಂದು ಪಿಸ್ಟನ್ ಕೇಳುವುದಿಲ್ಲ.

"ಬೆಂಗಳೂರಿಗೂ ಸ್ಟೀಮಿಗೂ ಏನು ಸಂಬಂಧ? ರೈಲು ಬಿಟ್ಟರೆ ಇಲ್ಲಿ ಎಲ್ಲಾ ಕರೆಂಟು"

1905ರ ಆಗಸ್ಟಿನಲ್ಲಿ ವಿದ್ಯುತ್ ಬೀದಿದೀಪ ಬಂತೆಂಬ ಹೆಮ್ಮೆಯಲ್ಲಿ ಅದಕ್ಕೆ ಹಿಂದಿನದನ್ನು ಮರೆತಿದ್ದೇವೆ. ಪೀಣ್ಯದಿಂದ ಹೆಸರಘಟ್ಟದ ಕಡೆ ಹೋದರೆ ಚಿಕ್ಕಬಾಣಾವರದ ಆಚೆ ಸೋಲದೇವನಹಳ್ಳಿ ಸಿಗುತ್ತದೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ ಕೈಗೆತ್ತಿಕೊಂಡ ಚಾಮರಾಜೇಂದ್ರ ಜಲಕಾಮಗಾರಿಯಲ್ಲಿ ಹೆಸರಘಟ್ಟ ಕೆರೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ಇಲ್ಲಿಯವರೆಗೆ ತಾನೇ ಹರಿದು ಬರುತ್ತಿತ್ತು. ಇಲ್ಲಿಂದ ಅದನ್ನು ಊರಿನ ಎತ್ತರಕ್ಕೆ ತಳ್ಳಿದ್ದು ಉಗಿ ಪಂಪುಗಳು. ಕೋಲಾರದ ಚಿನ್ನದ ಗಣಿಗಳೂ 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬರುವವರೆಗೆ ಉಗಿಯನ್ನೇ ನಂಬಿದ್ದವು. ನೆಲದ ಮೇಲಿನ ಪಂಪ್‌ಹೌಸಿಗೆ ಹಡಗಿನ ಇಕ್ಕಟ್ಟಿಲ್ಲ. ಬೇಕಾದಷ್ಟು ಉದ್ದದ ಕನೆಕ್ಟಿಂಗ್ ರಾಡಿಗೆ ಜಾಗವಿದೆ. ಸಿಲಿಂಡರನ್ನು ತೂಗಿಸುವ ಗರಜು ಅಂಥ ಕಡೆ ಬೀಳುವುದಿಲ್ಲ.

"ಅದರ ಕಾಲ ಮುಗಿಯಿತು"

ಉಗಿಯ ಕಾಲ ಮುಗಿಯಿತೆಂದರೆ ಒಪ್ಪುತ್ತೇನೆ. ಅದೂ ಪೂರ್ತಿ ಅಲ್ಲ, ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಡೀಸ್‌ಬಾರ್ ಎಂಬ ಹಡಗಿನೊಳಗೆ ಪೆನ್ ಕಾರ್ಖಾನೆಯ 1841ರ ತೂಗುವ ಎಂಜಿನ್ ಇನ್ನೂ ಇದೆ. ಹುಟ್ಟುಚಕ್ರ ಹೋಗಿ, ವೇಗವಾಗಿ ತಿರುಗಬೇಕಾದ ಪ್ರೊಪೆಲ್ಲರ್ ಬಂತು. ಬಾಯ್ಲರ್ ಒತ್ತಡ ಏರುತ್ತಾ ಹೋಯಿತು. ಟೊಳ್ಳು ಟ್ರನಿಯನ್ನಿನ ಗ್ಲ್ಯಾಂಡುಗಳು ಸೋರತೊಡಗಿದವು. ಹಡಗಿನವರು ಕೈಬಿಟ್ಟರು.

ಆದರೆ ವೈಟ್‌ಫೀಲ್ಡಿನಲ್ಲಿ ಯಾವ ರಸ್ತೆ ಅಗೆಯುತ್ತಿದ್ದರೂ ನಿಂತು ಜೆಸಿಬಿಯ ತೋಳು ನೋಡಿ. ಎರಡು ತುದಿಗೂ ಪಿನ್ ಹಾಕಿದ ಹೈಡ್ರಾಲಿಕ್ ಸಿಲಿಂಡರ್ ರಾಡನ್ನು ಚಾಚುತ್ತಾ ತಾನೂ ವಾಲುತ್ತದೆ. ಕ್ರಾಸ್‌ಹೆಡ್ಡಿಲ್ಲ, ಗೈಡಿಲ್ಲ. ಪೀಣ್ಯದ ಹೈಡ್ರಾಲಿಕ್ ಅಂಗಡಿಗಳಲ್ಲಿ ಟ್ರನಿಯನ್ ಮೌಂಟಿಂಗ್ ಎಂದು ಆರ್ಡರ್ ಬರೆಸುವವರು ಮರ್ಡಾಕ್‌ನ ಹೆಸರು ಕೇಳಿರಲಿಕ್ಕಿಲ್ಲ. ವ್ಯತ್ಯಾಸ ಒಂದೇ: ಇಲ್ಲಿ ತೂಗಾಟ ಬಾಗಿಲು ಕಾಯುವುದಿಲ್ಲ, ಆ ಕೆಲಸ ಡ್ರೈವರಿನ ಲಿವರಿನದು. ಪೆನ್‌ನನ್ನು ಕಾಡಿದ ಪ್ರಶ್ನೆಗೆ, ತೂಗುವ ಸಿಲಿಂಡರಿಗೆ ಒತ್ತಡವನ್ನು ಮುಟ್ಟಿಸುವುದು ಹೇಗೆ ಎಂಬುದಕ್ಕೆ, ಉತ್ತರ ಬಾಗುವ ರಬ್ಬರ್ ಹೋಸ್. ಒಳಗೆ ಉಕ್ಕಿನ ತಂತಿಯ ಹೆಣಿಗೆ.

ಆ ಶನಿವಾರ ಎಂಜಿನ್ನಿನ ಲೆಕ್ಕ ಮುಗಿಸಿ ಹೊರಬಂದಾಗ ಪಕ್ಕದ ಅಂಗಡಿಯ ಮುಂದೆ ಜೆಸಿಬಿ ಡ್ರೈವರ್ ಒಬ್ಬ ಕಾದು ನಿಂತಿದ್ದ. ಕೈಯಲ್ಲಿ ಒಡೆದ ಹೋಸು, ಅಂಗಿಯ ತುಂಬ ಆಯಿಲ್ಲು. "ಬೇಗ ಕ್ರಿಂಪ್ ಮಾಡಿಕೊಡಿ ಅಣ್ಣಾ, ಗಾಡಿ ಕೈ ಎತ್ತಿಕೊಂಡು ರೋಡಲ್ಲೇ ನಿಂತಿದೆ."