ಚಿನ್ನದ ಮೀನಿಗೆ ತಕ್ಕ ಜೊತೆಗಾರರು

ಗಾಜಿನ ತೊಟ್ಟಿಯೊಳಗೆ ಮೆಲ್ಲಮೆಲ್ಲನೆ ಈಜಾಡುವ ಚಿನ್ನದ ಮೀನನ್ನು, ಎಂದರೆ ಗೋಲ್ಡ್‌ಫಿಶ್ಶನ್ನು, ಕಂಡು ಮನಸೋಲದವರು ವಿರಳ. ಅದೊಂದನ್ನೇ ಸಾಕಿದವರಿಗೆ ತೊಟ್ಟಿ ಬರಿದಾಗಿ ತೋರುತ್ತದೆ. ಬೇರೆ ಬಣ್ಣದ, ಬೇರೆ ಆಕಾರದ ನಾಲ್ಕಾರು ಮೀನುಗಳನ್ನು ಜೊತೆಗೆ ಬಿಡುವ ಆಸೆ ಹುಟ್ಟುತ್ತದೆ. ಆದರೆ ಕಣ್ಣಿಗೆ ಚೆಂದವಾಗಿ ಕಂಡುದನ್ನೆಲ್ಲ ತಂದು ಬಿಟ್ಟರೆ, ಕೆಲವೇ ದಿನಗಳಲ್ಲಿ ಮೀನುಗಳು ಒಂದೊಂದಾಗಿ ಸತ್ತು ತೇಲುವುದುಂಟು. ಇದನ್ನು ದುರದೃಷ್ಟವೆಂದು ಬಗೆಯುವುದು ವಾಡಿಕೆ. ವಿಚಾರಿಸಿ ನೋಡಿದರೆ, ಇಂಥ ಸಾವುಗಳ ಕಾರಣ ಬಹುಮಟ್ಟಿಗೆ ನಾವು ತರಗತಿಯಲ್ಲಿ ಓದುವ ಸರಳ ನಿಯಮಗಳಲ್ಲಿಯೇ ಅಡಗಿರುತ್ತದೆ.

ಚಿನ್ನದ ಮೀನು ನಮ್ಮ ಕೆರೆಗಳಲ್ಲಿ ಬೆಳೆಸುವ ಕಾಟ್ಲ, ರೋಹುಗಳಂತೆ ಗೆಂಡೆಯ ಬಳಗಕ್ಕೆ ಸೇರಿದುದು. ಮಾಸಲು ಬಣ್ಣದ ಮೀನುಗಳಲ್ಲಿ ಅಪರೂಪಕ್ಕೆ ಹುಟ್ಟುತ್ತಿದ್ದ ಹೊಂಬಣ್ಣದ ಮರಿಗಳನ್ನು ಚೀನಾದೇಶದವರು ಸಾವಿರ ವರ್ಷಗಳಿಗೂ ಹಿಂದೆ ಆರಿಸಿ ಸಾಕತೊಡಗಿದುದರ ಫಲವೇ ಇಂದಿನ ತಳಿಗಳು. ಇದು ಅಂಗೈಯಗಲದ ಆಟಿಕೆಯಲ್ಲ. ನೀಳದೇಹದ ತಳಿಗಳು 20ರಿಂದ 30 ಸೆಂಟಿಮೀಟರುಗಳವರೆಗೆ ಬೆಳೆಯಬಲ್ಲವು. ಆಯುಸ್ಸೂ ದೀರ್ಘವಾದುದೇ: 1999ರಲ್ಲಿ ಇಂಗ್ಲೆಂಡಿನಲ್ಲಿ ಸತ್ತ ಟಿಷ್ ಎಂಬ ಮೀನು 43 ವರ್ಷ ಬದುಕಿತ್ತು.

ಜೊತೆಗಾರನ ಆಯ್ಕೆಯಲ್ಲಿ ಮೊದಲ ಪರೀಕ್ಷೆ ನೀರಿನ ಉಷ್ಣತೆ. ಚಿನ್ನದ ಮೀನಿಗೆ ಸುಮಾರು 18ರಿಂದ 23 ಡಿಗ್ರಿ ಸೆಂಟಿಗ್ರೇಡ್ ಹಿತವಾದುದು. ಡಿಸ್ಕಸ್ ಮೀನಿಗಾದರೋ 28ರಿಂದ 30 ಡಿಗ್ರಿಗಳ ಬೆಚ್ಚನೆಯ ನೀರು ಬೇಕು. ಈ ಅಂತರ ಅಲ್ಪವಲ್ಲ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು 7.5 ಮಿಲಿಗ್ರಾಮಿಗೆ ಇಳಿಯುತ್ತದೆ. ಅದೇ ವೇಳೆ ಮೀನಿನ ದೇಹದ ವ್ಯಾಪಾರಗಳು ಚುರುಕುಗೊಂಡು, ಆಮ್ಲಜನಕದ ಅವಶ್ಯಕತೆ ಇಮ್ಮಡಿಯ ಸಮೀಪಕ್ಕೆ ಏರುತ್ತದೆ. ಹೀಗೆ ಬೇಡಿಕೆ ಏರಿದಾಗಲೇ ಪೂರೈಕೆ ಇಳಿಯುತ್ತದೆ. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಂಥ ಊರುಗಳಲ್ಲಿ ವಾಯುವಿನ ಒತ್ತಡ ಹತ್ತನೆಯ ಒಂದು ಪಾಲಿನಷ್ಟು ಕಡಮೆಯಾದುದರಿಂದ, ಕರಗುವ ಆಮ್ಲಜನಕವೂ ಅಷ್ಟೇ ಕಡಮೆ ಎಂಬುದನ್ನು ಮರೆಯಬಾರದು.

ಎರಡನೆಯ ಪರೀಕ್ಷೆ ಬಾಯಿಯ ಅಳತೆ. ಚಿನ್ನದ ಮೀನು ಸಾಧುವೆಂಬ ಮಾತು ನಿಜ. ಆದರೆ ಬಾಯಲ್ಲಿ ಹಿಡಿಸುವುದನ್ನು ನುಂಗದೆ ಬಿಡುವಷ್ಟು ಸಾಧುವಲ್ಲ. ನಿಯಾನ್ ಟೆಟ್ರ, ಗಪ್ಪಿ ಮೊದಲಾದ ಪುಟ್ಟ ಮೀನುಗಳು ಒಂದು ದಿನ ಅದಕ್ಕೆ ಆಹಾರವಾಗುತ್ತವೆ. ಆಸ್ಕರ್‌ನಂಥ ದೊಡ್ಡ ಮಾಂಸಾಹಾರಿಯ ಜೊತೆಗೆ ಬಿಟ್ಟರೆ ಅದು ತಾನೇ ಆಹಾರವಾಗುತ್ತದೆ.

ಮೂರನೆಯದು ನಡತೆ ಮತ್ತು ವೇಗ. ಟೈಗರ್ ಬಾರ್ಬ್ ಎಂಬ ಪಟ್ಟೆಮೀನು ನಿಧಾನವಾಗಿ ಈಜುವ ಮೀನುಗಳ ಜೋಲುರೆಕ್ಕೆಗಳನ್ನು ಕಚ್ಚಿ ಹರಿಯುತ್ತದೆ. ಪಾಚಿ ತಿಂದು ತೊಟ್ಟಿಯನ್ನು ಶುಚಿಗೊಳಿಸುತ್ತದೆಂದು ತರುವ ಸಕ್ಕರ್ ಮೀನು, ಕೆಲವೊಮ್ಮೆ ಚಿನ್ನದ ಮೀನಿನ ಮೈಗೆ ಅಂಟಿಕೊಂಡು ಅದರ ಲೋಳೆಯ ಹೊದಿಕೆಯನ್ನೇ ಹೆರೆಯುತ್ತದೆ. ಆ ಗಾಯಗಳಿಂದ ರೋಗ ಒಳಹೊಗುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಮಿಗಿಲಾದುದು, ನೀರಿನ ನೈರ್ಮಲ್ಯ. ಚಿನ್ನದ ಮೀನಿಗೆ ಜಠರವಿಲ್ಲ. ತಿಂದುದು ನೇರವಾಗಿ ಕರುಳಿಗೆ ಸಾಗುವುದರಿಂದ ಅದು ಸದಾ ಮೇಯುತ್ತಿರುತ್ತದೆ, ವಿಸರ್ಜನೆಯೂ ಹೆಚ್ಚು. ಕಿವಿರುಗಳಿಂದ ಹೊರಬೀಳುವ ಅಮೋನಿಯ ಮೀನಿಗೆ ವಿಷ. ತೊಟ್ಟಿಯ ಜಲ್ಲಿ ಮತ್ತು ಶೋಧಕಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟಾಗಿಯೂ, ಆಮೇಲೆ ಅಷ್ಟಾಗಿ ಅಪಾಯಕರವಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಜೀವಾಣುಗಳು ಸಾಕಷ್ಟು ಬೆಳೆಯಲು ಹಲವು ವಾರಗಳೇ ಬೇಕು. ಅದಕ್ಕೆ ಮುನ್ನ ಮೀನುಗಳನ್ನು ತುಂಬಿದರೆ ವಿಷವು ಶೇಖರವಾಗದೆ ಮತ್ತೇನಾದೀತು?

ಒಂದು ಲೆಕ್ಕವನ್ನು ಮಾಡಿ ನೋಡೋಣ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿ ಹಿಡಿಯುವುದು 54 ಲೀಟರ್. ಜಲ್ಲಿಗೂ ಮೇಲಿನ ತೆರವಿಗೂ ಬಿಟ್ಟರೆ ಉಳಿಯುವುದು ಇನ್ನೂ ಕಡಮೆ. ಬೆಳೆದ ಒಂದು ಚಿನ್ನದ ಮೀನಿಗೇ ಇದು ಇಕ್ಕಟ್ಟು. ಇಂಥ ತೊಟ್ಟಿಗೆ ತಕ್ಕ ಜೊತೆಗಾರರೆಷ್ಟು ಎಂದರೆ, ಸೊನ್ನೆ ಎಂಬುದೇ ಸರಿಯಾದ ಉತ್ತರ.

ತೊಟ್ಟಿ ವಿಶಾಲವಾಗಿದ್ದರೆ ಯಾರನ್ನು ತರಬಹುದು? ಚಿನ್ನದ ಮೀನಿಗೆ ಅತ್ಯುತ್ತಮ ಸಂಗಾತಿ ಇನ್ನೊಂದು ಚಿನ್ನದ ಮೀನೇ. ಅಲ್ಲಿಯೂ ಮೈಕಟ್ಟನ್ನು ಗಮನಿಸಬೇಕು. ಕಾಮೆಟ್‌ನಂಥ ನೀಳದೇಹದ ಮೀನುಗಳು ಮಿಂಚಿನಂತೆ ಬಂದು ಆಹಾರವನ್ನೆಲ್ಲ ಕಬಳಿಸುತ್ತವೆ. ಗುಂಡುದೇಹದ ಒರಾಂಡ, ಮಂದದೃಷ್ಟಿಯ ಉಬ್ಬುಗಣ್ಣಿನ ತಳಿ ಇವು ಅವುಗಳ ನಡುವೆ ಉಪವಾಸ ಬೀಳುತ್ತವೆ. ಸಮಾನರೊಡನೆ ಸಮಾನರನ್ನು ಬಿಡುವುದೇ ನ್ಯಾಯ. ಬೇರೆ ಜಾತಿಯೇ ಬೇಕೆಂದರೆ, ತಂಪುನೀರನ್ನು ಬಯಸಿ ತಳದಲ್ಲಿ ಶಾಂತವಾಗಿ ಬಾಳುವ ಡೋಜೊ ಲೋಚ್ ಹೊಂದಿಕೊಂಡೀತು. ಜೀಬ್ರಾ ಮೀನು ತಂಪನ್ನು ಸಹಿಸುವುದಲ್ಲದೆ ಚುರುಕಾಗಿ ತಪ್ಪಿಸಿಕೊಳ್ಳಬಲ್ಲದು. ಆದರೂ ದೊಡ್ಡ ಬಾಯಿಯ ಭಯ ಅದಕ್ಕೆ ಪೂರ್ತಿ ತಪ್ಪಿದ್ದಲ್ಲ. ಯಾವುದನ್ನೇ ತಂದರೂ ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿರಿಸಿ, ರೋಗವಿಲ್ಲವೆಂದು ಕಂಡ ಬಳಿಕವೇ ಕೂಡಿಸಬೇಕು.

ಹೊಂದದ ಮೀನನ್ನು ಏನು ಮಾಡುವುದು? ಕರುಣೆಯಿಂದ ಕೆರೆಗೆ ಬಿಡುವವರುಂಟು. ಆ ಕರುಣೆ ಕೆರೆಗೆ ಶಾಪವಾದೀತು. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಇಂದು ಬಂಗಾಳ, ಆಂಧ್ರ, ಕೇರಳಗಳ ನೀರಿನಲ್ಲಿ ನೆಲೆಯೂರಿ ದೇಶೀಯ ಮೀನುಗಳಿಗೆ ಕಂಟಕವಾಗಿದೆ. ಅಂಗಡಿಗೆ ಹಿಂದಿರುಗಿಸುವುದು, ಇಲ್ಲವೆ ತಕ್ಕ ತೊಟ್ಟಿಯುಳ್ಳವರಿಗೆ ಕೊಡುವುದು ಲೇಸು. ಅದಕ್ಕಿಂತಲೂ ಲೇಸಾದುದು, ಕೊಳ್ಳುವ ಮುನ್ನ ಒಂದು ಉಷ್ಣಮಾಪಕವನ್ನೂ ಒಂದು ಅಳತೆಪಟ್ಟಿಯನ್ನೂ ಹಿಡಿದು ನಮ್ಮ ತೊಟ್ಟಿಯ ಮುಂದೆ ಐದು ನಿಮಿಷ ಕುಳಿತುಕೊಳ್ಳುವುದು.