ಕಾರಿನ ಲೈಟ್ ಮಿಣುಕುತ್ತಿದೆಯಾ? ಪಾರ್ಟ್ ಬದಲಿಸುವ ಮೊದಲು ಇಷ್ಟು ನೋಡಿ

ಕಾರಿನ ಲೈಟು ಮಿಣುಕೋಕೆ ಶುರುವಾದರೆ ಬಹಳ ಜನ ಮೊದಲು ಬಲ್ಬ್ ಬದಲಿಸುತ್ತಾರೆ. ಸರಿಹೋಗದಿದ್ದರೆ ಬ್ಯಾಟರಿ, ಆಮೇಲೆ ಆಲ್ಟರ್ನೇಟರ್. ಅಷ್ಟರಲ್ಲಿ ಸಾವಿರಾರು ರೂಪಾಯಿ ಕೈಬಿಟ್ಟಿರುತ್ತೆ, ಲೈಟು ಮಾತ್ರ ಹಾಗೇ ಮಿಣುಕ್ತಾ ಇರುತ್ತೆ.

ಕಳೆದ ಮಳೆಗಾಲದಲ್ಲಿ ನನ್ನ ಹನ್ನೊಂದು ವರ್ಷದ ಕಾರಿಗೂ ಈ ಕಾಯಿಲೆ ಬಂತು. ಸರ್ವಿಸ್ ಸೆಂಟರ್ ಒಂದರಲ್ಲಿ ‘ಆಲ್ಟರ್ನೇಟರ್ ಹೋಗಿದೆ ಸರ್’ ಅಂದರು. ಹೊಸದು ಹಾಕಿಸುವ ಮೊದಲು ನಮ್ಮ ಏರಿಯಾದ ಆಟೊ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಅವರು ಮಲ್ಟಿಮೀಟರ್ ಹಿಡಿದು ಕಾಲು ಗಂಟೆ ನೋಡಿ, ಬ್ಯಾಟರಿಯಿಂದ ಬಾಡಿಗೆ ಹೋಗುವ ಅರ್ಥ್ ವೈರಿನ ಬೋಲ್ಟ್ ಬಿಚ್ಚಿದರು. ಅಡಿಯಲ್ಲಿ ಪೂರ್ತಿ ತುಕ್ಕು. ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಬಿಗಿ ಮಾಡಿದರು, ಅಷ್ಟೇ. ಅವತ್ತು ಅವರು ನೋಡಿದ ಕ್ರಮವನ್ನು ಯಾರು ಬೇಕಾದರೂ ಅನುಸರಿಸಬಹುದು.

ಒಂದೇ ಲೈಟಾ, ಎಲ್ಲವೂ ಹೀಗೇನಾ?

ಒಂದೇ ಲೈಟು ಮಿಣುಕಿದರೆ ದೋಷ ಅಲ್ಲೇ ಸುತ್ತಮುತ್ತ ಇರುತ್ತೆ: ಬಲ್ಬ್, ಹೋಲ್ಡರ್, ಕನೆಕ್ಟರ್, ಆ ಲೈಟಿನ ಅರ್ಥ್ ವೈರ್. ಎರಡೂ ಹೆಡ್‌ಲೈಟ್ ಒಟ್ಟಿಗೆ ಮಿಣುಕಿ ಉಳಿದವು ಸರಿಯಿದ್ದರೆ ಸ್ವಿಚ್, ರಿಲೇ ಕಡೆ ನೋಡಿ. ಡ್ಯಾಶ್‌ಬೋರ್ಡ್, ಒಳಗಿನ ದೀಪ ಎಲ್ಲವೂ ಸೇರಿ ಕುಣಿಯುತ್ತಿದ್ದರೆ ಬ್ಯಾಟರಿ ಟರ್ಮಿನಲ್, ಆಲ್ಟರ್ನೇಟರ್ ಅಥವಾ ಮೇನ್ ಅರ್ಥ್.

ಯಾವಾಗ ಮಿಣುಕುತ್ತೆ?

ಹಂಪ್, ಗುಂಡಿಯಲ್ಲಿ ಮಾತ್ರ ಆದರೆ ಲೂಸ್ ಕನೆಕ್ಷನ್. ಸಿಗ್ನಲ್‌ನಲ್ಲಿ ನಿಂತಾಗ ಮಂಕಾಗಿ, ಆಕ್ಸಿಲರೇಟರ್ ಒತ್ತಿದಾಗ ಬೆಳಗಿದರೆ ಬೆಲ್ಟ್ ಸಡಿಲವಾಗಿರಬಹುದು ಅಥವಾ ಆಲ್ಟರ್ನೇಟರ್ ಸೋತಿರಬಹುದು. ಇಂಡಿಕೇಟರ್ ಹಾಕಿದಾಗ ಅದರ ತಾಳಕ್ಕೆ ಹೆಡ್‌ಲೈಟೂ ಕುಣಿದರೆ ಮೊದಲ ಅನುಮಾನ ಅರ್ಥ್ ಮೇಲೆ. ಎಸಿ ಆನ್ ಆದ ಕ್ಷಣದಲ್ಲಿ ಬೆಳಕು ಸ್ವಲ್ಪ ಇಳಿದು ತಕ್ಷಣ ಸರಿಯಾದರೆ ಚಿಂತೆ ಬೇಡ.

ಮೀಟರ್ ಹೇಳುವ ಮಾತು

ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ಸಾಕು. ಎಂಜಿನ್ ಆಫ್ ಮಾಡಿ ಕೆಲವು ಗಂಟೆ ಬಿಟ್ಟು ಅಳೆದರೆ, ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರುತ್ತೆ. 12ರ ಹತ್ತಿರ ಇದ್ದರೆ ಹೆಚ್ಚು ಕಡಿಮೆ ಖಾಲಿ. ಎಂಜಿನ್ ಆನ್ ಮಾಡಿ, ಹೆಡ್‌ಲೈಟ್ ಹಾಕಿ ಅಳೆದಾಗ 13.5ರಿಂದ 14.7ರ ಒಳಗೆ ನಿಲ್ಲಬೇಕು. 13ಕ್ಕಿಂತ ಕೆಳಗೇ ಇದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೈಕೊಟ್ಟಿದೆ. ಬಲ್ಬು, ಬ್ಯಾಟರಿ ಎರಡೂ ಹಾಳಾಗುತ್ತವೆ. ಇಂಧನ ಉಳಿಸಲು ಚಾರ್ಜಿಂಗನ್ನು ತಾನೇ ಏರಿಸಿ ಇಳಿಸುವ ಹೊಸ ಕಾರುಗಳಲ್ಲಿ ಈ ಅಂಕಿ ಬದಲಾಗುತ್ತಿರುತ್ತೆ, ಗಾಬರಿಯಾಗಬೇಡಿ.

ಅರ್ಥ್ ಪರೀಕ್ಷೆಯೂ ಸುಲಭ. ಎಂಜಿನ್, ಹೆಡ್‌ಲೈಟ್ ಆನ್ ಇರುವಾಗ ಮೀಟರಿನ ಒಂದು ಮುಳ್ಳು ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಬಾಡಿಯ ಪೇಂಟ್ ಇಲ್ಲದ ಲೋಹಕ್ಕೆ ಹಿಡಿಯಿರಿ. 0.2 ವೋಲ್ಟ್‌ಗಿಂತ ಕಡಿಮೆ ಇರಬೇಕು. ನನ್ನ ಕಾರಲ್ಲಿ 0.9 ಇತ್ತು. ಆಲ್ಟರ್ನೇಟರ್ ಮಾತ್ರ 14.2 ಕೊಡುತ್ತಿತ್ತು. ಅಂದರೆ ತಯಾರಾದ ಕರೆಂಟ್ ವಾಪಸ್ ಬರುವ ದಾರಿಯಲ್ಲೇ ತಡೆ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಹ್ಯಾಲೊಜೆನ್ ಬಲ್ಬ್‌ಗೆ ವೋಲ್ಟೇಜ್ ಶೇ 5ರಷ್ಟು ಇಳಿದರೆ ಬೆಳಕು ಸುಮಾರು ಶೇ 16ರಷ್ಟು ಇಳಿಯುತ್ತೆ.

ಮನೆಯಲ್ಲೇ ಮಾಡಬಹುದಾದ್ದು

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಇದ್ದರೆ ಎಂಜಿನ್ ಆಫ್ ಮಾಡಿ, ಕೈಗವಸು ಹಾಕಿಕೊಂಡು ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಬ್ರಷ್‌ನಲ್ಲಿ ತಿಕ್ಕಿ, ಒಣಗಿಸಿ. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಬಿಗಿ ಮಾಡಿದ ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ ಮಾತ್ರ ಮುಟ್ಟಲೇಬೇಡಿ.

ಹೊರಗಿನಿಂದ ಎಲ್‌ಇಡಿ ಹಾಕಿಸಿದ ಮೇಲೆ ಶುರುವಾದ ಮಿಣುಕಾಟವಾದರೆ ಕಾರಣ ಬೇರೆ. ಕೆಲವು ಕಾರುಗಳು ಬಲ್ಬ್‌ಗೆ ಕರೆಂಟನ್ನು ಬಿಟ್ಟು ಬಿಟ್ಟು ಕೊಡುತ್ತವೆ. ಹ್ಯಾಲೊಜೆನ್ ತಂತಿ ಬಿಸಿಯಾಗೇ ಇರುವುದರಿಂದ ಅದು ಕಣ್ಣಿಗೆ ಕಾಣಲ್ಲ, ಎಲ್‌ಇಡಿಯಲ್ಲಿ ಕಾಣುತ್ತೆ. ಅಂಗಡಿಯವರು ಡಿಕೋಡರ್ ಕೊಡ್ತಾರೆ, ಆದರೆ ಕಂಪನಿ ಬಲ್ಬ್‌ಗೆ ಮರಳುವುದೇ ಮೇಲು. ಅದೇ ರೀತಿ 60/55 ವ್ಯಾಟ್ ಜಾಗಕ್ಕೆ 100/90 ಹಾಕಿಸಿದರೆ ಹೋಲ್ಡರ್, ವೈರ್ ಸುಟ್ಟು ಕರಗಬಹುದು. ಇನ್ನು, ಇಂಡಿಕೇಟರ್ ಪಟಪಟ ವೇಗವಾಗಿ ಮಿಟುಕಿದರೆ ಸಾಮಾನ್ಯವಾಗಿ ಆ ಕಡೆಯ ಒಂದು ಬಲ್ಬ್ ಹೋಗಿದೆ ಎಂದರ್ಥ.

ಯಾವಾಗ ಗಾಡಿ ನಿಲ್ಲಿಸಬೇಕು?

ಸುಟ್ಟ ವಾಸನೆ ಬಂದರೆ ತಕ್ಷಣ ಬದಿಗೆ ಹಾಕಿ. ಬ್ಯಾಟರಿ ಚಿಹ್ನೆ ಕೆಂಪಗೆ ಉರಿದು ಲೈಟು ಮಂಕಾಗುತ್ತಾ ಬಂದರೆ, ಆ ಹೊತ್ತಿನಿಂದ ಕಾರು ಬ್ಯಾಟರಿಯ ಉಳಿತಾಯದ ಮೇಲೆ ಓಡುತ್ತಿದೆ. ಎಸಿ, ಮ್ಯೂಸಿಕ್, ಚಾರ್ಜರ್ ಆಫ್ ಮಾಡಿ ಬೆಳಕಿರುವ ಹತ್ತಿರದ ಸುರಕ್ಷಿತ ಜಾಗ ಸೇರಿಕೊಳ್ಳಿ. ಟೆಂಪರೇಚರ್ ಮುಳ್ಳೂ ಏರುತ್ತಿದ್ದರೆ ಬೆಲ್ಟ್ ಹರಿದಿರಬಹುದು, ಮುಂದೆ ಓಡಿಸಬೇಡಿ.

ಶಿರಾಡಿ, ಚಾರ್ಮಾಡಿಯ ತಿರುವಿನಲ್ಲಿ ಮಂಜು ಕವಿದ ರಾತ್ರಿ ಹೆಡ್‌ಲೈಟ್ ಒಂದು ಕ್ಷಣ ಆರಿದರೂ ರಸ್ತೆಯ ಅಂಚು ಕಾಣಲ್ಲ, ಎದುರಿನ ಲಾರಿಗೆ ನೀವೂ ಕಾಣಲ್ಲ. ವೀಕೆಂಡ್‌ಗೆ ಘಟ್ಟ ಇಳಿಯುವ ಯೋಚನೆ ಇದ್ದರೆ, ಹಿಂದಿನ ದಿನ ಸಂಜೆ ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ ಹೆಡ್‌ಲೈಟ್, ಇಂಡಿಕೇಟರ್ ಹಾಕಿ ನೋಡಿ. ಐದು ನಿಮಿಷದ ಕೆಲಸ.