ಕೊಹ್ಲಿ ಔಟಾಗಲಿ ಎಂದು ಬೇಡಿಕೊಂಡ ರಾತ್ರಿ

ನಾನು ಹುಟ್ಟಾ ಆರ್‌ಸಿಬಿ ಅಭಿಮಾನಿ. ಏಳನೇ ಕ್ಲಾಸಿನ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಪಾಠಕ್ಕಿಂತ ಹೆಚ್ಚಾಗಿ ವಿರಾಟ್ ಕೊಹ್ಲಿಯ ಸ್ಕೋರುಗಳೇ ಇರುತ್ತಿದ್ದವು. ಅಂಥವನು ಕಳೆದ ವರ್ಷ ಏಪ್ರಿಲ್‌ನ ಒಂದು ರಾತ್ರಿ, ಹೊಸಪೇಟೆಯ ಹಾಸ್ಟೆಲ್ ರೂಮಿನಲ್ಲಿ ಮೊಬೈಲ್ ಹಿಡಿದು ಕೂತು, ‘ದೇವರೇ, ಕೊಹ್ಲಿ ಬೇಗ ಔಟಾಗಲಿ’ ಎಂದು ಬೇಡಿಕೊಂಡೆ. ಯಾಕೆಂದರೆ ಆ ದಿನ ಹಣ ಹಾಕಿ ಆಡುವ ಆ್ಯಪ್‌ನಲ್ಲಿ ನಾನು ಕಟ್ಟಿದ್ದ ತಂಡಕ್ಕೆ ಎದುರಾಳಿ ಬೌಲರ್ ಕ್ಯಾಪ್ಟನ್ ಆಗಿದ್ದ. ಅವನಿಗೆ ವಿಕೆಟ್ ಬಿದ್ದರೆ ನನಗೆ ದುಪ್ಪಟ್ಟು ಪಾಯಿಂಟ್.

ಆ ರಾತ್ರಿಯ ಬಗ್ಗೆ ಯಾರಿಗೂ ಹೇಳಿರಲಿಲ್ಲ. ಮೊನ್ನೆ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ತರಬೇತಿ ನಡೆಯಿತು. ಎಲ್ಲರ ರೆಸ್ಯೂಮೆಗಳನ್ನೂ ತಿರುವಿ ಹಾಕಿದ ತರಬೇತುದಾರರು, “ಅರವತ್ತು ಜನರಲ್ಲಿ ನಲವತ್ತು ಜನ ‘ಹವ್ಯಾಸ: ಕ್ರಿಕೆಟ್ ನೋಡುವುದು ಮತ್ತು ಆಡುವುದು’ ಅಂತ ಬರೆದಿದ್ದೀರಿ. ಕೊನೆಯ ಸಲ ಆಡಿದ್ದು ಯಾವಾಗ?” ಎಂದು ಕೇಳಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಕಂಪ್ಲಿ. ತುಂಗಭದ್ರೆಯ ದಂಡೆ, ಸುತ್ತ ಭತ್ತದ ಗದ್ದೆ, ಕಬ್ಬು, ಬಾಳೆ. ಭತ್ತ ಕೊಯ್ದ ಮೇಲೆ ಹೊಲವೇ ನಮಗೆ ಸ್ಟೇಡಿಯಂ. ಕೂಳೆ ಚುಚ್ಚದಂತೆ ಕಾಲಿಂದ ತುಳಿದು ಪಿಚ್ ಮಾಡಿಕೊಳ್ಳುತ್ತಿದ್ದೆವು. ಚೆಂಡು ಬೇರೆಯವರ ಮನೆಯೊಳಗೆ ಬಿದ್ದು ನಾವು ಬೈಸಿಕೊಂಡು ಬಂದಾಗಲೆಲ್ಲ ಅಜ್ಜಿ ಗಂಡುಗಲಿ ಕುಮಾರರಾಮನ ಕಥೆ ತೆಗೆಯುತ್ತಿದ್ದಳು. ಕಂಪಿಲರಾಯನ ಮಗ ಕುಮಾರರಾಮ ಆಡುತ್ತಿದ್ದ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬಿತ್ತು. ಅದನ್ನು ತರಲು ಹೋದವನ ಮೇಲೆ ಇಲ್ಲದ ಆರೋಪ ಬಂತು. ತಲೆ ಹೋಗುವವರೆಗೆ ಬೆಳೆಯಿತು. “ಚೆಂಡು ಹೋದ್ರ ಹೋಗ್ಲಿ, ಒಳಗ ಹೋಗಬ್ಯಾಡ್ರಿ” ಎನ್ನುವುದು ಅಜ್ಜಿಯ ನೀತಿ. ನಾವಂತೂ ಒಳಗೆ ಹೋಗುತ್ತಲೇ ಇದ್ದೆವು. ಇದ್ದದ್ದೇ ಒಂದು ಚೆಂಡು!

ಕ್ರಿಕೆಟ್ಟಿಗಿಂತ ನನಗೆ ಚೆನ್ನಾಗಿ ಬರುತ್ತಿದ್ದದ್ದು ಕಬಡ್ಡಿ. ಹೈಸ್ಕೂಲಿನಲ್ಲಿ ನಾನು ಲೆಫ್ಟ್ ಕಾರ್ನರ್. ರೈಡರ್ ಬೋನಸ್ ಗೆರೆಯತ್ತ ಕಾಲು ಚಾಚುವ ಗಳಿಗೆಗೆ ಕಾದಿದ್ದು ಕಣಕಾಲು ಹಿಡಿಯುವುದು ನನ್ನ ಕೆಲಸ. 2019ರ ಜನವರಿಯಲ್ಲಿ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದು ಬೆಂಗಳೂರು ಬುಲ್ಸ್‌ಗೆ ಕಪ್ ಗೆದ್ದುಕೊಟ್ಟಾಗ, ಮರುದಿನ ನಮ್ಮ ಶಾಲೆಯಲ್ಲಿ ಹಿಡಿಯುವವರೇ ಇರಲಿಲ್ಲ. ಎಲ್ಲರೂ ರೈಡರ್‌ಗಳೇ!

2021ರ ಆಗಸ್ಟ್ 7ರ ಸಂಜೆಯೂ ಹಾಗೇ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಕಾಯುತ್ತಿದ್ದೆವು. ಟೋಕಿಯೊದಲ್ಲಿ ನೀರಜ್ ಚೋಪ್ರಾ 87.58 ಮೀಟರ್ ಜಾವೆಲಿನ್ ಎಸೆದು ಚಿನ್ನ ಗೆದ್ದರು. ಅವರು ತರಬೇತಿ ಪಡೆದ ಕ್ರೀಡಾ ಸಂಸ್ಥೆ ನಮ್ಮ ಪಕ್ಕದ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲೇ ಇದೆ ಎಂದು ತಿಳಿದ ಮೇಲಂತೂ ಕೇಳಬೇಕೆ? ವಾರಪೂರ್ತಿ ಕಬ್ಬಿನ ಗಳ ಎಸೆದೆವು. ಅಪ್ಪ ಬಡಿಗೆ ಹಿಡಿದು ಬೆನ್ನಟ್ಟಿದ ಮೇಲೆ ನಮ್ಮ ಒಲಿಂಪಿಕ್ಸ್ ಮುಗಿಯಿತು.

ಆಮೇಲೆ ಪಿಯುಸಿ. ಸಿಇಟಿ ರ‍್ಯಾಂಕ್ ಬರುವವರೆಗೆ ಆಟ ಬಂದ್ ಎಂದು ಮನೆಯಲ್ಲಿ ತೀರ್ಮಾನವಾಯಿತು. ನಾನೂ ಒಪ್ಪಿಕೊಂಡೆ. ಮೊಣಕಾಲಿನ ಪಟ್ಟಿ ಅಟ್ಟದ ಪೆಟ್ಟಿಗೆ ಸೇರಿತು. ಸೀಟು ಸಿಕ್ಕಿತು, ಹೊಸಪೇಟೆಗೆ ಬಂದೆ. ಪೆಟ್ಟಿಗೆ ಮಾತ್ರ ಅಟ್ಟದಲ್ಲೇ ಉಳಿಯಿತು. ಆಡುವುದು ನಿಂತಷ್ಟೂ ನೋಡುವುದು ಹೆಚ್ಚಾಯಿತು.

49 ರೂಪಾಯಿಯಿಂದ ಶುರು

ಆ್ಯಪ್ ಕೈಗೆ ಬಂದದ್ದು ಎರಡನೇ ವರ್ಷದಲ್ಲಿ. ಎರಡೂ ತಂಡಗಳಿಂದ ಸೇರಿಸಿ ಹನ್ನೊಂದು ಆಟಗಾರರನ್ನು ಆರಿಸಬೇಕು. ಕ್ಯಾಪ್ಟನ್‌ಗೆ ಎರಡು ಪಟ್ಟು, ವೈಸ್ ಕ್ಯಾಪ್ಟನ್‌ಗೆ ಒಂದೂವರೆ ಪಟ್ಟು ಪಾಯಿಂಟ್. ಪ್ರವೇಶ ಶುಲ್ಕ 49 ರೂಪಾಯಿ. ಮೊದಲ ದಿನವೇ 110 ರೂಪಾಯಿ ಬಂತು. ಅದೇ ತಪ್ಪಾಯಿತು. ಸೋತಿದ್ದರೆ ಅಲ್ಲಿಗೇ ಬಿಡುತ್ತಿದ್ದೆನೇನೋ.

ತಮಾಷೆಯೆಂದರೆ, ಅದೇ ಸೆಮಿಸ್ಟರ್‌ನಲ್ಲಿ ನಾವು ಸಂಭವನೀಯತೆ ಓದುತ್ತಿದ್ದೆವು. ಎಲ್ಲರ ಹಣ ಒಟ್ಟಾಗುತ್ತದೆ, ನಡೆಸುವವರು ಮೊದಲು ತಮ್ಮ ಪಾಲು ತೆಗೆದುಕೊಳ್ಳುತ್ತಾರೆ, ಉಳಿದದ್ದನ್ನು ಹಂಚುತ್ತಾರೆ. ಅಂದಮೇಲೆ ಆಡುವವರೆಲ್ಲರ ಲೆಕ್ಕ ಕೂಡಿಸಿದರೆ ಯಾವತ್ತೂ ನಷ್ಟವೇ. ಇಂಟರ್ನಲ್ಸ್‌ನಲ್ಲಿ ಇಂಥದೇ ಲೆಕ್ಕ ಬಂದಾಗ ಸರಿಯಾಗಿ ಬಿಡಿಸಿ ಪೂರ್ಣ ಅಂಕ ತೆಗೆದುಕೊಂಡೆ. ಸಂಜೆ ರೂಮಿಗೆ ಬಂದು ಮತ್ತೆ ತಂಡ ಕಟ್ಟಿದೆ. ಲೆಕ್ಕ ಬರುವುದೇ ಬೇರೆ, ಬುದ್ಧಿ ಬರುವುದೇ ಬೇರೆ.

ಮೇ ತಿಂಗಳ ಹೊತ್ತಿಗೆ 6,350 ರೂಪಾಯಿ ಹೋಗಿತ್ತು. ಅದು ಮೆಸ್ ಬಿಲ್‌ಗೆಂದು ಅಪ್ಪ ಕಳಿಸಿದ್ದ ಹಣ. ‘ಕಟ್ಟಿದೆ’ ಎಂದು ಸುಳ್ಳು ಹೇಳಿದ್ದೆ. ಮೂರು ವಾರ ರಾತ್ರಿ ಊಟಕ್ಕೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಅದಕ್ಕೂ ದುಡ್ಡು ಕೊಟ್ಟವನು ನನ್ನ ರೂಮ್‌ಮೇಟ್, ಸಂಡೂರಿನ ಹುಡುಗ. ಅವನಿಗೂ ಪೂರ್ತಿ ಸತ್ಯ ಹೇಳಿರಲಿಲ್ಲ. ಕೊನೆಗೆ ಅವನೇ, “ಮನಿಗೆ ಹೋಗಿ ಹೇಳಿ ಬಾರಲೇ. ಇಲ್ಲಾಂದ್ರ ನಾನ ಫೋನ್ ಮಾಡ್ತೀನಿ” ಎಂದು ಬಸ್ ಹತ್ತಿಸಿದ.

ಹೊಸಪೇಟೆಯಿಂದ ಕಂಪ್ಲಿ ಬಹಳ ದೂರವೇನಲ್ಲ. ಆ ದಿನ ಮಾತ್ರ ಬಸ್ ಇಷ್ಟು ಬೇಗ ಯಾಕೆ ಬಂತು ಅನ್ನಿಸಿತು. ಅಪ್ಪ ಹೊಲದ ಬದುವಿನ ಮೇಲೆ ಕೂತಿದ್ದ. ನಿಂತಲ್ಲೇ ಎಲ್ಲ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಬಹಳ ಹೊತ್ತು ಸುಮ್ಮನಿದ್ದು ಕೇಳಿದ:

“ಹೋಗ್ಲಿ, ಮ್ಯಾಚಾದ್ರೂ ಚಂದಿದ್ವೇನು?”

ಉತ್ತರ ಹೇಳಲು ಬಾಯಿ ತೆರೆದೆ. ಒಂದು ಪಂದ್ಯವೂ ನೆನಪಿಗೆ ಬರಲಿಲ್ಲ. ಎರಡು ತಿಂಗಳು ಒಂದು ದಿನವೂ ಬಿಡದೆ ಕ್ರಿಕೆಟ್ ನೋಡಿದ್ದೆ. ಯಾರು ಗೆದ್ದರು, ಯಾವ ಕ್ಯಾಚ್ ಚೆನ್ನಾಗಿತ್ತು, ಯಾವ ಓವರ್‌ನಲ್ಲಿ ಆಟ ತಿರುಗಿತು, ಊಹೂಂ, ಏನೂ ಇಲ್ಲ. ನೆನಪಿದ್ದದ್ದು ಪಾಯಿಂಟ್ ಪಟ್ಟಿಯಲ್ಲಿ ನನ್ನ ಹೆಸರು ಮೇಲೆ ಕೆಳಗೆ ಆಗುತ್ತಿದ್ದದ್ದು ಮಾತ್ರ. ನಾನು ಅಳಲಿಕ್ಕೆ ಶುರು ಮಾಡಿದ್ದು ಆಗ. ಹೋದ ದುಡ್ಡಿಗಿಂತ ಆ ಪ್ರಶ್ನೆಯೇ ಹೆಚ್ಚು ಚುಚ್ಚಿತು.

ಅಪ್ಪ ಮೆಸ್ ಹಣ ಮತ್ತೆ ಕೊಟ್ಟ. ಆದರೆ ಸಾಲವಾಗಿ. ರಜೆಯಲ್ಲಿ ಪರಿಚಯದವರ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆದು ತೀರಿಸಿದೆ. ಆ್ಯಪ್ ಅಳಿಸಿದ್ದು ನನ್ನ ಶೂರತನವಲ್ಲ. ಖಾತೆಯಲ್ಲಿ ಹಣವೇ ಇರಲಿಲ್ಲ. ಹಣ ಹಾಕಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ನನಗೆ ಅಪ್ಪನ ಪ್ರಶ್ನೆಯೇ ಮೊದಲು ಜಾರಿಗೆ ಬಂದ ಕಾನೂನು.

ಬರಿಗೈಯಲ್ಲಿ ನೋಡಿದ ಫೈನಲ್

ಜೂನ್ 3ರ ಐಪಿಎಲ್ ಫೈನಲ್ ಅನ್ನು ಹಾಸ್ಟೆಲ್ ಹಾಲ್‌ನಲ್ಲಿ ಎಲ್ಲರ ಜೊತೆ ನೆಲದ ಮೇಲೆ ಕೂತು ನೋಡಿದೆ. ಕೈಯಲ್ಲಿ ಮೊಬೈಲ್ ಇರಲಿಲ್ಲ. ಆ ಪಂದ್ಯ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆರ್‌ಸಿಬಿ 190 ರನ್. ನಡುವೆ ಕೃಣಾಲ್ ಪಾಂಡ್ಯ ಬಿಗಿಯಾಗಿ ಎಸೆದ ನಾಲ್ಕು ಓವರ್. ಕೊನೆಯ ಓವರ್‌ನಲ್ಲಿ ಶಶಾಂಕ್ ಸಿಂಗ್ ಸಿಕ್ಸರ್ ಹೊಡೆಯುತ್ತಿದ್ದರೂ ಗೆಲುವು ಖಚಿತವಾಗಿದ್ದದ್ದು. ಇನ್ನೂ ಚೆಂಡು ಬಾಕಿ ಇರುವಾಗಲೇ ಕೊಹ್ಲಿಯ ಕಣ್ಣು ಒದ್ದೆಯಾಗಿದ್ದದ್ದು. 6 ರನ್ ಗೆಲುವು, 18 ವರ್ಷಗಳ ಕಾಯುವಿಕೆ. ಅಪ್ಪನಿಗೆ ಫೋನ್ ಮಾಡಿ ನಿದ್ದೆಯಿಂದ ಎಬ್ಬಿಸಿ, “ಮ್ಯಾಚ್ ಭಾಳ ಚಂದಿತ್ತಪ್ಪ” ಎಂದೆ.

ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಹೆಚ್ಚಿನವರು ನಮ್ಮಂಥ ಎಳೆಯರು. ಕಪ್ ಒಮ್ಮೆ ನೋಡಬೇಕೆಂದು ಹೋದವರು. ಹಾಸ್ಟೆಲ್‌ನಲ್ಲಿ ಅಂದು ಯಾರೂ ಮಾತಾಡಲಿಲ್ಲ. ಅಭಿಮಾನ ದೊಡ್ಡದು, ನಿಜ. ಜೀವ ಅದಕ್ಕಿಂತ ದೊಡ್ಡದು ಎಂಬುದನ್ನು ಇಷ್ಟು ಬೆಲೆ ತೆತ್ತು ಕಲಿಯಬಾರದಿತ್ತು.

ಐದನೇ ಸೆಮಿಸ್ಟರ್ ಶುರುವಾದ ಮೇಲೆ ರೂಮ್‌ಮೇಟ್ ಒಂದು ಸಂಜೆ ನನ್ನನ್ನು ಮೈದಾನಕ್ಕೆ ಎಳೆದುಕೊಂಡು ಹೋದ. ಊರಿನ ಅದಿರಿನ ಧೂಳಿನಿಂದ ಅವನ ಬಿಳಿ ಶೂ ಯಾವಾಗಲೂ ಕೆಂಪು; ತೊಳೆಯುವುದನ್ನೇ ಬಿಟ್ಟಿದ್ದಾನೆ. ಕಬಡ್ಡಿಗೆ ಒಬ್ಬ ಕಡಿಮೆ ಇದ್ದನಂತೆ. ಮೂರು ವರ್ಷಗಳ ನಂತರ ಕಾರ್ನರ್‌ನಲ್ಲಿ ನಿಂತೆ. ಮೊದಲ ಹಿಡಿತಕ್ಕೆ ಕೈಗೆ ಬಂದದ್ದು ಬರೀ ಗಾಳಿ. ಎರಡನೆಯದಕ್ಕೆ ಮೊಣಕೈ ತರಚಿತು. ಐದನೇ ನಿಮಿಷಕ್ಕೆ ಉಸಿರು ಸಿಕ್ಕಲಿಲ್ಲ. ಔಟಾಗಿ ಹೊರಗೆ ಹೋಗಿ ಕೂತೆ.

ಕಬಡ್ಡಿಯಲ್ಲಿ ನನಗೆ ತುಂಬ ಇಷ್ಟವಾಗುವ ನಿಯಮ ಒಂದಿದೆ. ಕ್ರಿಕೆಟ್ಟಿನಲ್ಲಿ ಔಟಾದ ಬ್ಯಾಟರ್ ಆ ಇನಿಂಗ್ಸ್‌ಗೆ ಮುಗಿದ. ಕಬಡ್ಡಿಯಲ್ಲಿ ಹಾಗಲ್ಲ. ನಿಮ್ಮ ತಂಡದವನು ಎದುರಾಳಿಯೊಬ್ಬನನ್ನು ಮುಟ್ಟಿ ಬಂದರೆ, ಹೊರಗೆ ಕೂತ ನಿಮಗೆ ಮತ್ತೆ ಜೀವ ಬರುತ್ತದೆ. ರೂಮ್‌ಮೇಟ್ ರೈಡ್‌ಗೆ ಹೋಗಿ ಒಬ್ಬನನ್ನು ಮುಟ್ಟಿ ಬಂದು, “ಏಳಲೇ, ಜೀವ ಬಂತು” ಎಂದು ಕೂಗಿದ. ಎದ್ದೆ. ಮುಂದಿನ ರೈಡರ್‌ನ ಕಣಕಾಲು ಸಿಕ್ಕಿತು. ಬಿಡಲಿಲ್ಲ.

ಈಗ ವಾರಕ್ಕೆ ನಾಲ್ಕು ದಿನ ಆಡುತ್ತೇನೆ. ಕಾಲೇಜು ತಂಡಕ್ಕೆ ಆಯ್ಕೆಯಾಗಿಲ್ಲ, ಬದಲಿ ಆಟಗಾರರ ಪಟ್ಟಿಯಲ್ಲೂ ಇಲ್ಲ. ಆದರೆ ರಾತ್ರಿ ಬೇಗ ನಿದ್ದೆ ಬರುತ್ತದೆ. ಹಾಳಾಗಿದ್ದ ಒಂದು ಬ್ಯಾಕ್‌ಲಾಗ್ ತೀರಿದೆ.

ಈ ಸಲ ಹಂಪಿ ಉತ್ಸವಕ್ಕೆ ಅಪ್ಪನ ಜೊತೆ ಹೋಗಿದ್ದೆ. ಗೆಳೆಯರೆಲ್ಲ ಸಂಜೆಯ ಸಂಗೀತಕ್ಕೆ ಹೋಗುವವರು. ಅಪ್ಪನಿಗೆ ಕುಸ್ತಿ ಮತ್ತು ಗುಂಡು ಎತ್ತುವುದು ಬೇಕು. ದಾರಿಯಲ್ಲಿ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕೆತ್ತಿದ ಜಟ್ಟಿಗಳನ್ನು ತೋರಿಸಿದೆ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಬರೆದಿರುವುದನ್ನೂ ಹೇಳಿದೆ: ಕೃಷ್ಣದೇವರಾಯ ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿ ಆಡಿ, ಆಮೇಲೆ ಕುದುರೆ ಏರುತ್ತಿದ್ದನಂತೆ. ನವರಾತ್ರಿಯ ಕುಸ್ತಿ ನೋಡಲು ಕೂರುತ್ತಿದ್ದ ರಾಜ, ಬೆಳಗ್ಗೆ ತಾನೂ ಆಡಿಯೇ ಬಂದವನು. “ಹಂಗಾರ ಅವಂಗ ಆಟ ತಿಳೀತಿತ್ತು” ಎಂದ ಅಪ್ಪ.

ವಾಪಸ್ ಊರಿಗೆ ಬಂದಾಗ ಹನುಮಪ್ಪನ ಗುಡಿ ಮುಂದಿನ ಬೇವಿನ ಮರದ ಕೆಳಗಿರುವ ಗುಂಡುಕಲ್ಲಿನ ಹತ್ತಿರ ಅಪ್ಪ ನಿಂತ. ಹರೆಯದಲ್ಲಿ ಅದನ್ನು ಎದೆಮಟ್ಟ ಎತ್ತುತ್ತಿದ್ದನಂತೆ. ಈಗ ಬೆನ್ನು ನೋವು. “ನೀ ನೋಡು” ಎಂದ. ಪ್ರಯತ್ನಿಸಿದೆ. ಮೊಣಕಾಲಿನವರೆಗೂ ಬರಲಿಲ್ಲ, ಅಂಗೈ ಕೆಂಪಾಯಿತು. ಅಪ್ಪ ಜೋರಾಗಿ ನಕ್ಕ. ಬಹಳ ದಿನಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ.

ನನ್ನ ರೆಸ್ಯೂಮೆಯಲ್ಲಿ ಹವ್ಯಾಸದ ಸಾಲು ತಿದ್ದಿದ್ದೇನೆ: ‘ನೋಡುವುದು ಕ್ರಿಕೆಟ್, ಆಡುವುದು ಕಬಡ್ಡಿ.’ ಸಂದರ್ಶನದಲ್ಲಿ ಯಾರಾದರೂ ಕೊನೆಯ ಸಲ ಆಡಿದ್ದು ಯಾವಾಗ ಎಂದು ಕೇಳಿದರೆ, ‘ನಿನ್ನೆ ಸಂಜೆ’ ಎಂದು ಹೇಳಬಲ್ಲೆ. ಬೇಕಿದ್ದರೆ ತರಚಿದ ಮೊಣಕೈಯನ್ನೂ ತೋರಿಸಬಲ್ಲೆ.

ಗೆಳೆಯರೇ, ನಿಮಗೆ ಉಪದೇಶ ಮಾಡುವಷ್ಟು ದೊಡ್ಡವನು ನಾನಲ್ಲ. ಮುಂದಿನ ಪಂದ್ಯ ಮುಗಿದು ಟಿ.ವಿ. ಆರಿಸುವಾಗ ನಮ್ಮಪ್ಪ ಕೇಳಿದ್ದನ್ನು ನೀವೂ ಒಮ್ಮೆ ಕೇಳಿಕೊಳ್ಳಿ: ಮ್ಯಾಚಾದ್ರೂ ಚಂದಿತ್ತೇನು?